ಗೆರೆಗೆ ಸಿಗದ ಚುಕ್ಕಿ

ಅರವತ್ತೆಂಟು ಬೆಳಗು, ಅರವತ್ತೆಂಟು ಚುಕ್ಕಿ.
ಅಡ್ಡಕ್ಕೆ ಮಾರಿದ ಸೊಗಡವರೆಯ ಕೇಜಿ,
ಉದ್ದಕ್ಕೆ ಅದರ ಬೆಲೆ.
ಜಿಕೆವಿಕೆ ಲ್ಯಾಬಿನ ಕಿಟಕಿಯಾಚೆ ನವಿಲೊಂದು
ಸ್ಕೂಟರಿನ ಕನ್ನಡಿ ಕುಕ್ಕುತ್ತಿದೆ.
ಪರದೆಯ ಮೇಲೆ ಗೆರೆ
ಎಡದ ಮೇಲಿಂದ ಬಲದ ಕೆಳಕ್ಕೆ
ಜಾರುಬಂಡೆಯ ಹಾಗೆ ಇಳಿದಿದೆ.

ರಂಗೋಲಿಯಲ್ಲಿ ಹೀಗಲ್ಲ.
ಅಲ್ಲಿ ಗೆರೆ ಒಂದೊಂದು ಚುಕ್ಕಿಯನ್ನೂ ಬಳಸಿ, ಮಾತಾಡಿಸಿ
ಮನೆಗೆ ಬರಬೇಕು.
ಇಲ್ಲಿ ಒಂದನ್ನೂ ಮುಟ್ಟದೆ
ಎಲ್ಲರಿಗೂ ನಾನೇ ಹತ್ತಿರ ಅನ್ನಬಹುದು.
ಇಷ್ಟು ತಿಳಿಯಲು ನನಗೆ ಒಂದು ಸೆಮಿಸ್ಟರ್ ಹಿಡಿಯಿತು,
ಒಂದು ಸಪ್ಲಿಮೆಂಟರಿ ಕೂಡ.
ಸಮೀಕರಣದ ಕೊನೆಗೆ ಕೂರುವ ಆ ಪುಟ್ಟ ಅಕ್ಷರವನ್ನು
ನಾನು ಕೊಸರು ಎಂದೇ ಓದಿಕೊಂಡು ಪಾಸಾದೆ.

ಅಂಕಿಗಳೆಲ್ಲ ಪಿಳ್ಳಮ್ಮನವು.
ಯಲಹಂಕ ಹಳೇಪೇಟೆ, ಪಾತ್ರೆ ಅಂಗಡಿಯ ಮುಂದೆ ಅವಳ ಕುಕ್ಕೆ.
ಲೆಕ್ಕ ಬರೆದದ್ದು ಮೊಮ್ಮಗನ ಹಳೇ ವಿಜ್ಞಾನದ ನೋಟ್ಸಿನಲ್ಲಿ:
ಮುಂದಿನಿಂದ ತೆರೆದರೆ ದ್ಯುತಿಸಂಶ್ಲೇಷಣೆ,
ಹಿಂದಿನಿಂದ ತೆರೆದರೆ ಅವರೆಕಾಯಿ.

ಬಲಕ್ಕೆ, ತೀರ ಕೆಳಗೆ, ಒಂದು ಚುಕ್ಕಿ.
ಜನವರಿ ಒಂಬತ್ತು, ಮಂಗಳವಾರ.
ತೊಂಬತ್ತು ಕೇಜಿ, ಇಪ್ಪತ್ತು ರೂಪಾಯಿ.
ಸೋಮವಾರ ಐವತ್ತೈದಿತ್ತು.
ಆಮೇಲೆ ಮೂರು ದಿನ ಪುಟ ಖಾಲಿ
(ಅಲ್ಲಿ ನಾನೇ ಸರಾಸರಿ ತುಂಬಿದ್ದೆ, ಯಾರಿಗೂ ಹೇಳಿಲ್ಲ).
ಹಗ್ಗ ಜಗ್ಗುವ ಎಮ್ಮೆಯಂತೆ
ಆ ಒಂದು ಚುಕ್ಕಿ ಇಡೀ ಗೆರೆಯನ್ನು ತನ್ನತ್ತ ಎಳೆಯುತ್ತಿದೆ.

ತೆಗೆದುಬಿಡು, ಅಂದಳು ತಬಸ್ಸುಮ್, ಯಾರು ನೋಡ್ತಾರೆ.
ವಸುಂಧರಾ ಮೇಡಂ ಕನ್ನಡಕ ಹಣೆಗೇರಿಸಿದರು:
ಕಾರಣ ಇದ್ದರೆ ತೆಗಿ.
ನಿನಗೆ ಹಿಡಿಸಲಿಲ್ಲ ಅನ್ನೋದು ಕಾರಣ ಅಲ್ಲ.

ಬಸ್ಸು ಹಿಡಿದು ಹೋದೆ.

ಅದಾ, ಅಂದಳು ಪಿಳ್ಳಮ್ಮ, ನಗು ತಡೆಯುತ್ತ,
ಪಕ್ಕದ ಕುಕ್ಕೆಯ ಕಡೆ ಗದ್ದ ತೋರಿಸಿ:
ಈ ಕೆಂಪಾಜಮ್ಮ ಆವತ್ತು ನನ್ ಜಾಗದಾಗೆ ಗೋಣಿ ಹಾಸವ್ಳೆ.
ನಾನು ನಲವತ್ತು ಅಂದೆ. ಅವಳು ಮೂವತ್ತೈದು.
ನಾನು ಮೂವತ್ತು. ಅವಳು ಇಪ್ಪತ್ತೈದು.
ಇಪ್ಪತ್ತು ಅಂತ ಕಿರುಚಿದೆ ನೋಡು,
ಏರ್‌ಪೋರ್ಟ್ ರಸ್ತೆ ಕಾರುಗಳೂ ನಿಂತವು!
ಒಂಬತ್ತಕ್ಕೆ ಇಬ್ಬರ ಮೂಟೆಯೂ ಖಾಲಿ, ಸೊಂಟದ ಚೀಲವೂ ಖಾಲಿ.
ನಾಳೆ ಮಾಲು ತರಕ್ಕೆ ಕಾಸಿಲ್ಲ.
ಮೂರು ದಿನ ಒಂದೇ ಮರದಡಿ ಕೂತು
ಹೋಟ್ಲವನಿಗೆ ಕೂಲಿಗೆ ಅವರೆ ಹಿತುಕಿದ್ವಿ,
ಒಬ್ಬರ ಮುಖ ಒಬ್ಬರು ನೋಡ್ದಂಗೆ.
ಮೂರನೇ ದಿನ ಇವಳ ಡಬ್ಬಿ ತೆಗೆದ್ರೆ ಹಿತಕಬೇಳೆ ಸಾರು.
ಏನ್ ಮಾಡ್ಲಿ, ಬಾಯಿ ನೀರೂರ್ತು.

ಲ್ಯಾಬಿಗೆ ಮರಳಿ ಒಂದು ಡಮ್ಮಿ ಸೇರಿಸಿದೆ.
ಅರವತ್ತೇಳು ಸೊನ್ನೆ, ಒಂದು ಒಂದು.
ನಾನು ತುಂಬಿದ್ದ ಮೂರು ಸುಳ್ಳನ್ನು ಅಳಿಸಿದಾಗ
ಅರವತ್ತೈದಕ್ಕೆ ಇಳಿಯಿತು ಲೆಕ್ಕ.
ಮೇಡಂ ನೋಡಿ ಹೇಳಿದರು:
ತೆಗೆದರೂ, ಡಮ್ಮಿ ಇಟ್ಟರೂ, ಗೆರೆ ಅದೇ ಬರುತ್ತೆ, ಗೊತ್ತಲ್ಲ?
ಗೊತ್ತು ಮೇಡಂ.
ಆದರೆ ತೆಗೆದರೆ ಕೋಷ್ಟಕದಲ್ಲಿ ಏನೂ ಉಳಿಯಲ್ಲ.
ಈಗ ಒಂದು ಸಾಲಿದೆ, ಹೆಸರು 'ಜಗಳ',
ಎದುರಿಗೆ ಮೈನಸ್ ಮೂವತ್ತೊಂದು.

ವೈವಾದಲ್ಲಿ ಹೊರಗಿನ ಪರೀಕ್ಷಕರು
ಆ ಸಾಲಿನ ಮೇಲೆ ಪೆನ್ನಿಟ್ಟು ಬಹಳ ಹೊತ್ತು ಸುಮ್ಮನಿದ್ದರು.
ಆಮೇಲೆ ಪುಟ ತಿರುಗಿಸಿದರು.

ಬೈಂಡ್ ಮಾಡಿಸಿದ ಪ್ರತಿ ತೋರಿಸಲು
ಸಂಕ್ರಾಂತಿ ಕಳೆದ ವಾರ ಹಳೇಪೇಟೆಗೆ ಹೋದೆ.
ಪಿಳ್ಳಮ್ಮ ಕೈ ಒರೆಸಿಕೊಂಡು
ಚಿನ್ನದಕ್ಷರದ ರಟ್ಟನ್ನು ಸವರಿದಳು, ತೂಗಿ ನೋಡಿದಳು,
ಮುಕ್ಕಾಲು ಕೇಜಿ ಅಂದಳು.
ನಲವತ್ತೊಂದನೇ ಪುಟ ತೆಗೆದು ಬೆರಳಿಟ್ಟು ತೋರಿಸಿದೆ.

ಸರಿ, ಅಂದಳು,
ಇದ್ರಲ್ಲಿ ಯಾರು ಗೆದ್ದಂಗೆ ಬಂದೈತೆ?

ಪಕ್ಕದಲ್ಲಿ ಕೆಂಪಾಜಮ್ಮನೂ
ತಕ್ಕಡಿ ಕೆಳಗಿಟ್ಟು
ನನ್ನನ್ನೇ ನೋಡತೊಡಗಿದಳು.